ಲಿಸನಿಂಗ್ 6.5ರಿಂದ ಮೇಲೇಳುತ್ತಿಲ್ಲ, ಬೇಕಿರುವುದು 7. ಅಂಕ ಎಲ್ಲಿ ಸೋರುತ್ತಿದೆ?

ಬಿಳಿಕೋಟು:

ನಮಸ್ಕಾರ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕಿದೆ. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ ಬ್ಯಾಂಡ್ (ಅಂಕದ ಶ್ರೇಣಿ) 7 ಕೇಳುತ್ತದೆ, ರೈಟಿಂಗ್‌ನಲ್ಲಿ 6.5. ಉಳಿದದ್ದು ಹೇಗೋ ಆಗುತ್ತದೆ, ಲಿಸನಿಂಗ್ ಮಾತ್ರ 6.5ರಲ್ಲೇ ಗೂಟ ಹೊಡೆದುಕೊಂಡು ಕೂತಿದೆ. ಕಂಪ್ಯೂಟರ್ ಪರೀಕ್ಷೆ, ಇನ್ನು ಆರು ವಾರ ಇದೆ.

ಅಭ್ಯಾಸ ಪತ್ರಿಕೆಗಳಲ್ಲಿ ಹೆಚ್ಚಾಗಿ 40ಕ್ಕೆ 26ರಿಂದ 28 ಬರುತ್ತಿದೆ. ಹತ್ತು ಹತ್ತು ಪ್ರಶ್ನೆಯ ನಾಲ್ಕು ಭಾಗಗಳನ್ನು ಬಿಡಿಬಿಡಿಯಾಗಿ ನೋಡಿದರೆ ಮೊದಲನೆಯದರಲ್ಲಿ 8 ಅಥವಾ 9, ಎರಡನೆಯದರಲ್ಲಿ 6 (ನಕ್ಷೆಯಲ್ಲಿ ಜಾಗ ಗುರುತಿಸುವ ಪ್ರಶ್ನೆ ಬಂದರೆ 4ಕ್ಕಿಳಿಯುತ್ತದೆ), ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7 ಅಥವಾ 8.

ಕೇಳಬೇಕಾದ್ದು: ದಿನಕ್ಕೊಂದು ಪೂರ್ತಿ ಪರೀಕ್ಷೆ ಮಾಡುವುದು ಸರಿಯೇ? ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಉಚ್ಚಾರಕ್ಕೆ ಕಿವಿ ಒಗ್ಗಿಸುವುದು ಹೇಗೆ? ಭಾಗ 3ರಲ್ಲಿ ಇಬ್ಬರು ಮೂವರು ಮಾತಾಡುವಾಗ ಯಾರು ಏನೆಂದರೆಂಬುದೇ ತಪ್ಪಿಹೋಗುತ್ತದೆ, ಏನು ಮಾಡಲಿ? ಇದನ್ನು ಬಿಟ್ಟು ಓಇಟಿಗೆ (ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ) ಹೋದರೆ ಒಳ್ಳೆಯದೇ? ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿ.


ಹಳೇಬೇರು:

ದಿನಕ್ಕೊಂದು ಬೇಡ. ಪರೀಕ್ಷೆ ಅಂದರೆ ಥರ್ಮಾಮೀಟರ್. ಗಂಟೆಗೊಮ್ಮೆ ಇಟ್ಟು ನೋಡಿದ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲು ಲೆಕ್ಕ. 26ರಿಂದ 29 ಸರಿಯಿದ್ದರೆ 6.5, 30 ಬಂದರೆ 7, 35 ಬಂದರೆ 8. ಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಈ ಗಡಿ ಒಂದು ಅಂಕದಷ್ಟು ಆಚೀಚೆ ಆಗಬಹುದು. ಹಾಗಾಗಿ ಮನೆಯಲ್ಲಿ 32 ಅಥವಾ 33 ಸ್ಥಿರವಾಗಿ ಬಂದರೆ ಧೈರ್ಯವಾಗಿ ಹೋಗಬಹುದು. ಅಂದರೆ ನಿಮಗೆ ಬೇಕಾದ್ದು ಇನ್ನು ಐದಾರು ಅಂಕ. ಇಂಗ್ಲಿಷನ್ನು ಹೊಸದಾಗಿ ಕಲಿಯುವಷ್ಟು ದೊಡ್ಡ ಕೆಲಸ ಅಲ್ಲ ಇದು, ಸೋರುವ ಕಡೆ ಹುಡುಕಿ ಮುಚ್ಚುವ ಕೆಲಸ.

ವಾರಕ್ಕೆ ಎರಡೇ ಪರೀಕ್ಷೆ ಮಾಡಿ. ಕೇಂಬ್ರಿಡ್ಜ್‌ನವರ ಅಭ್ಯಾಸ ಪುಸ್ತಕ ಒಂದೊಂದರಲ್ಲೂ ನಾಲ್ಕು ಪರೀಕ್ಷೆ ಇರುತ್ತವೆ, ಹಿಂದೆ ಆಡಿಯೋದ ಪೂರ್ತಿ ಬರಹವೂ ಇರುತ್ತದೆ. ಆರು ವಾರಕ್ಕೆ ಮೂರು ಪುಸ್ತಕ ಸಾಕು. ಯೂಟ್ಯೂಬಿನಲ್ಲಿ "ಈ ತಿಂಗಳು ಬರುವ ಪ್ರಶ್ನೆ" ಎಂದು ಹಾಕುವವು, ಟೆಲಿಗ್ರಾಂನಲ್ಲಿ ಮಾರುವವು ಬೇಡ. ಅವುಗಳ ಉತ್ತರದ ಪಟ್ಟಿಯೇ ಎಷ್ಟೋ ಸಲ ತಪ್ಪಿರುತ್ತದೆ. ಪ್ರಶ್ನೆ ಕಟ್ಟುವ ರೀತಿಯೂ ನಿಜವಾದ ಪರೀಕ್ಷೆಯದಲ್ಲ, ಹಾಗಾಗಿ ಬಲೆಗಳ ಅಭ್ಯಾಸ ಆಗುವುದಿಲ್ಲ.

ಪರೀಕ್ಷೆಗೆ ಅರ್ಧ ಗಂಟೆ ಹಿಡಿದರೆ ಅದರ ಪೋಸ್ಟ್‌ಮಾರ್ಟಂಗೆ ಎರಡು ಗಂಟೆ ಇಡಿ. ಹೀಗೆ:

ಅಂಕ ಎಣಿಸಿ, ಆದರೆ ಸರಿ ಉತ್ತರ ನೋಡಬೇಡಿ. ಯಾವ ಸಂಖ್ಯೆಯ ಪ್ರಶ್ನೆ ತಪ್ಪಾಗಿದೆ ಎಂದಷ್ಟೇ ಬೇರೆಯವರಿಂದ ಗುರುತು ಹಾಕಿಸಿಕೊಳ್ಳಿ. ಆಮೇಲೆ ಆ ತುಣುಕು ಮಾತ್ರ ಇನ್ನೊಮ್ಮೆ ಕೇಳಿ. ಎರಡನೇ ಸಲಕ್ಕೆ ಸರಿ ಸಿಕ್ಕರೆ ಕಿವಿಯ ದೋಷವಲ್ಲ, ಗಮನದ್ದು. ಐದು ಸಲ ಕೇಳಿದರೂ ಸಿಗದಿದ್ದರೆ ಮಾತ್ರ ಬರಹ ತೆಗೆದು ನೋಡಿ. ನಂತರ ಪ್ರತಿ ತಪ್ಪಿನ ಮುಂದೆ ಒಂದು ಅಕ್ಷರ ಬರೆಯಿರಿ: ಕೇಳಿಸಲೇ ಇಲ್ಲದ್ದಕ್ಕೆ "ಕೆ", ಕೇಳಿಸಿದರೂ ಕಾಗುಣಿತ ಅಥವಾ ಬಹುವಚನ ತಪ್ಪಿದ್ದಕ್ಕೆ "ಗು", ಬಲೆಗೆ ಬಿದ್ದದ್ದಕ್ಕೆ "ಬ", ಜಾಗ ತಪ್ಪಿಹೋದದ್ದಕ್ಕೆ "ಜಾ", ಪದಗಳ ಮಿತಿ ಮೀರಿದ್ದಕ್ಕೆ "ಮಿ". ನಾಲ್ಕು ಪರೀಕ್ಷೆ ಮುಗಿಯುವ ಹೊತ್ತಿಗೆ ಯಾವ ಅಕ್ಷರ ಹೆಚ್ಚು ಎಂದು ಗೊತ್ತಾಗುತ್ತದೆ. ಐದಕ್ಕೂ ಮದ್ದು ಬೇರೆ ಬೇರೆ. ಬಹಳ ಜನ ಐದಕ್ಕೂ ಒಂದೇ ಮದ್ದು, "ಇನ್ನೊಂದು ಟೆಸ್ಟ್" ಎಂದು ಕುಡಿಯುತ್ತಾರೆ.

"ಬ" ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ 6.5ರಲ್ಲಿ ನಿಂತವರಲ್ಲಿ ಸಾಮಾನ್ಯವಾಗಿ ಅದೇ ದೊಡ್ಡದು. ಪತ್ರಿಕೆ ಬರೆಯುವವರು ತಪ್ಪು ಉತ್ತರವನ್ನೂ ಆಡಿಯೋದಲ್ಲಿ ಬೇಕೆಂದೇ ಹೇಳಿಸುತ್ತಾರೆ. "ಐ ವಾಸ್ ಗೋಯಿಂಗ್ ಟು ಕಮ್ ಆನ್ ಟ್ಯೂಸ್‌ಡೇ" ಎಂದು ಕೇಳಿದ ಕೂಡಲೇ ಮಂಗಳವಾರ ಎಂದು ಬರೆದವರು ಕೆಟ್ಟರು. "ವಾಸ್ ಗೋಯಿಂಗ್ ಟು" ಎಂದರೇ ಆ ಯೋಚನೆ ಬಿಟ್ಟಾಯಿತು ಎಂದು ಅರ್ಥ, ನಿಜವಾದ ವಾರ ಮುಂದಿನ ವಾಕ್ಯದಲ್ಲಿ ಬರುತ್ತದೆ. ಹಾಗೆಯೇ "ಯೂಸ್ಡ್ ಟು" ಬಂದರೆ ಹಿಂದೆ ಇತ್ತು, ಈಗಿಲ್ಲ. "ಆಕ್ಚುಲಿ", "ಆನ್ ಸೆಕೆಂಡ್ ಥಾಟ್ಸ್", "ಇನ್‌ಸ್ಟೆಡ್", "ರಾದರ್ ದ್ಯಾನ್", "ಅನ್‌ಲೆಸ್" ಇವು ಕೇಳಿದರೆ ಕೀಬೋರ್ಡಿನಿಂದ ಕೈ ತೆಗೆದು ಇನ್ನೊಂದು ವಾಕ್ಯ ಕಾಯಿರಿ. ಮೂರು ಆಯ್ಕೆಯ ಪ್ರಶ್ನೆಯಲ್ಲಿ ಎ, ಬಿ, ಸಿ ಮೂರೂ ಮಾತಿನಲ್ಲಿ ಬಂದೇ ಬರುತ್ತವೆ. ಆಯ್ಕೆಯಲ್ಲಿರುವ ಪದವೇ ಯಥಾವತ್ತಾಗಿ ಕೇಳಿಸಿದರೆ ಖುಷಿಪಡಬೇಡಿ, ಅನುಮಾನಪಡಿ. ಸರಿಯಾದದ್ದು ಹೆಚ್ಚಾಗಿ ಬೇರೆ ಮಾತಿನಲ್ಲಿ ಬರುತ್ತದೆ. ಆಯ್ಕೆಯಲ್ಲಿ "ಚೀಪ್" ಇದ್ದರೆ ಮಾತಿನಲ್ಲಿ "ಇಟ್ ವೋಂಟ್ ಕಾಸ್ಟ್ ಯೂ ಮಚ್" ಎಂದಿರುತ್ತದೆ.


ಕಿವಿಗೊಡು:

ಹಳೇಬೇರು ಅವರು ಹೇಳಿದ "ಕೆ" ಗುಂಪಿನ ಬಗ್ಗೆ ನಾನು ಬರೆಯುತ್ತೇನೆ, ಕನ್ನಡ ಮಾಧ್ಯಮ ಎಂದು ಹೇಳಿದ್ದೀರಲ್ಲ. (ಇಂಗ್ಲಿಷ್ ಮಾಧ್ಯಮದವರಿಗೂ ಇದೇ ತೊಂದರೆ ಇರುತ್ತದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.)

ಕನ್ನಡದಲ್ಲಿ ಲಘುವಾಗಲಿ ಗುರುವಾಗಲಿ ಪ್ರತಿ ಅಕ್ಷರವೂ ಪೂರ್ತಿ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರಕ್ಕಷ್ಟೇ ಮರ್ಯಾದೆ, ಉಳಿದವು ಕರಗಿಹೋಗುತ್ತವೆ. "ಕಂಫರ್ಟಬಲ್" ಎಂದು ನಾವು ಕಲಿತದ್ದು ಅವರ ಬಾಯಲ್ಲಿ "ಕಂಫ್ಟಬಲ್", "ವೆಜಿಟೇಬಲ್" "ವೆಜ್ಟಬಲ್" ಆಗುತ್ತದೆ, "ಲ್ಯಾಬೊರೇಟರಿ" ಬ್ರಿಟಿಷರ ಬಾಯಲ್ಲಿ "ಲಬಾರಟ್ರಿ". "ಕಪ್ ಆಫ್ ಟೀ" ಒಂದೇ ಪದದಂತೆ "ಕಪಟೀ", "ಶುಡ್ ಹ್ಯಾವ್" "ಶುಡವ್". ವೇಗ ಜಾಸ್ತಿ ಎಂದು ನೀವು ದೂರುವುದು ಬಹುಪಾಲು ಇದನ್ನೇ. ಗೊತ್ತಿರುವ ಪದವೇ, ಮುಖ ಬದಲಿಸಿಕೊಂಡು ಬಂದಿದೆ.

ಅಂಕ ಕೀಳುವ ಒಂದು ಜೋಡಿ "ಕ್ಯಾನ್" ಮತ್ತು "ಕಾಂಟ್". ನಾವು ಕೊನೆಯ "ಟ್" ಕೇಳಿಸೀತೆಂದು ಕಾಯುತ್ತೇವೆ, ಅದು ಮುಂದಿನ ಪದಕ್ಕೆ ಅಂಟಿ ಮಾಯವಾಗಿರುತ್ತದೆ. ಸ್ವರ ಗಮನಿಸಿ: "ಯೂ ಕನ್ ಪಾರ್ಕ್ ಹಿಯರ್" ಎಂದು ಚಿಕ್ಕದಾಗಿ ಜಾರಿದರೆ ಆಗುತ್ತದೆ ಎಂದು, "ಯೂ ಕಾನ್ ಪಾರ್ಕ್ ಹಿಯರ್" ಎಂದು ಎಳೆದರೆ ಆಗುವುದಿಲ್ಲ ಎಂದು. ಅಮೆರಿಕದವರಲ್ಲಿ ಎಳೆತ "ಕ್ಯಾ" ಆಗಿರುತ್ತದೆ, ಆದರೆ ಒತ್ತು ಅಲ್ಲೂ ಇರುತ್ತದೆ.

ಇನ್ನೊಂದು ನಮ್ಮದೇ ಕಾಯಿಲೆ, ಪದದ ಕೊನೆಯ ವ್ಯಂಜನ. ನಮಗೆ ಬಸ್ಸು, ಕಾರು, ಬೆಂಚು ಎಂದು ಕೊನೆಗೊಂದು ಸ್ವರ ಬೇಕು. ಬರಿಯ "ಸ್" ಕಿವಿಗೆ ಬೀಳುವುದಿಲ್ಲ. "ಟಿಕೆಟ್ಸ್ ಸೋಲ್ಡ್" ಎಂದಾಗ ಎರಡು "ಸ" ಕೂಡಿಹೋಗಿ ನಾವು ಏಕವಚನ ಬರೆಯುತ್ತೇವೆ, ಅಂಕ ಹೋಗುತ್ತದೆ. ಇಲ್ಲಿ ಕಿವಿಯನ್ನೇ ನಂಬಿ ಕೂರಬೇಡಿ, ವ್ಯಾಕರಣದ ಸಹಾಯ ತೆಗೆದುಕೊಳ್ಳಿ. ಖಾಲಿ ಜಾಗದ ಹಿಂದೆ "ಎ" ಅಥವಾ "ಆನ್" ಇದ್ದರೆ ಏಕವಚನ. "ಮೆನಿ", "ಸೆವರಲ್", "ವೇರಿಯಸ್" ಇದ್ದರೆ ಬಹುವಚನ. ಮುಂದೆ "ಆರ್" ಇದ್ದರೂ ಬಹುವಚನ. ಏನೂ ಇಲ್ಲದೆ, ಎಣಿಸಬಹುದಾದ ವಸ್ತುವಾಗಿದ್ದರೆ ಹೆಚ್ಚಾಗಿ ಬಹುವಚನವೇ.

ಭಾಗ 1ರಲ್ಲಿ ನಿಮ್ಮ ಒಂದೆರಡು ಅಂಕ ಹೋಗುತ್ತಿರುವುದು ಹೆಸರಿನ ಅಕ್ಷರ ಹೇಳುವಾಗ ಇರಬೇಕು. ಬ್ರಿಟಿಷರು "ಆರ್" ಅಕ್ಷರವನ್ನು "ಆ" ಎನ್ನುತ್ತಾರೆ, ರಕಾರವೇ ಇಲ್ಲ. ನಮ್ಮವರು ಅದನ್ನು ಕೇಳಿ "ಎ" ಬರೆಯುತ್ತಾರೆ. ಅವರ "ಎ" ನಮಗೆ "ಏಯ್" ಎಂದು ಕೇಳಿಸುತ್ತದೆ. ಆಸ್ಟ್ರೇಲಿಯಾದವರು ಅದನ್ನೇ "ಆಯ್" ಎಂಬಷ್ಟು ಅಗಲ ಮಾಡುತ್ತಾರೆ, ಕೇಳಿದವರು "ಐ" ಬರೆದು ಕೂರುತ್ತಾರೆ. "ಹೆಚ್" ಅಲ್ಲಿ ಬಹಳ ಜನರ ಬಾಯಲ್ಲಿ "ಏಚ್". "ಜಿ" ಮತ್ತು "ಜೆ" ಯಾವುದು ಎಂದು ತಡಕಾಡುವ ಒಂದು ಕ್ಷಣದಲ್ಲಿ ಮುಂದಿನ ಎರಡು ಅಕ್ಷರ ಹೋಗಿರುತ್ತವೆ. ದಿನಕ್ಕೆ ಹತ್ತು ನಿಮಿಷ ಇದಕ್ಕೇ ಇಡಿ: ಫೋನಿನ ಓದಿ ಹೇಳುವ ಸೌಲಭ್ಯಕ್ಕೆ ಆಸ್ಟ್ರೇಲಿಯನ್ ಧ್ವನಿ ಹಾಕಿ, ಗೊತ್ತಿಲ್ಲದ ಇಪ್ಪತ್ತು ಊರಿನ ಹೆಸರುಗಳನ್ನು ಅಕ್ಷರ ಬಿಡಿಸಿ ಓದಿಸಿ, ಬರೆದುಕೊಳ್ಳಿ.

ಸಂಖ್ಯೆಯಲ್ಲಿ 13 ಮತ್ತು 30ರ ವ್ಯತ್ಯಾಸ ಒತ್ತಿನಲ್ಲಿದೆ, "ಥರ್ಟೀನ್"ನಲ್ಲಿ ಒತ್ತು ಕೊನೆಗೆ, "ಥರ್ಟಿ"ಯಲ್ಲಿ ಮೊದಲಿಗೆ. ಫೋನ್ ಸಂಖ್ಯೆಯಲ್ಲಿ ಸೊನ್ನೆಗೆ "ಓ" ಎನ್ನುತ್ತಾರೆ, ಅದು ಅಕ್ಷರವಲ್ಲ. ದೊಡ್ಡ ಸಂಖ್ಯೆ ಬಂದರೆ ನಮ್ಮ ಲಕ್ಷದ ಲೆಕ್ಕ ಅಡ್ಡಬರುತ್ತದೆ. "ಎ ಹಂಡ್ರೆಡ್ ಅಂಡ್ ಫಿಫ್ಟಿ ಥೌಸಂಡ್" ಎಂದರೆ 150 ಬರೆದು ಮೂರು ಸೊನ್ನೆ ಹಾಕಿ, ಅಲ್ಪವಿರಾಮದ ಗೊಡವೆಯೇ ಬೇಡ.

ನ್ಯೂಜಿಲೆಂಡಿನವರ "ಎ" ಸ್ವರ "ಇ" ಕಡೆ ವಾಲುತ್ತದೆ. "ಪೆನ್" "ಪಿನ್"ನಂತೆ, "ಟೆನ್" "ಟಿನ್"ನಂತೆ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಉಚ್ಚಾರ ಕಲಿಯಲು ಯಾವುದೋ ಸಿನಿಮಾ ನೋಡುವುದಕ್ಕಿಂತ ಆಸ್ಟ್ರೇಲಿಯಾದ ಎಬಿಸಿ, ನ್ಯೂಜಿಲೆಂಡಿನ ಆರ್‌ಎನ್‌ಝಡ್, ಬ್ರಿಟನ್ನಿನ ಬಿಬಿಸಿ ರೇಡಿಯೋಗಳ ಸಂದರ್ಶನಗಳು ಮೇಲು. ಅವು ಪರೀಕ್ಷೆಯ ಮಾತಿನ ಲಯಕ್ಕೆ ಹತ್ತಿರ.

ಈಗ ಮುಖ್ಯ ಕಸರತ್ತು: ಉಕ್ತಲೇಖನ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಮಾಡಿಸುತ್ತಿದ್ದರಲ್ಲ, ಅದೇ. ಭಾಗ 3 ಅಥವಾ 4ರಿಂದ 30 ಸೆಕೆಂಡಿನ ತುಣುಕು ತೆಗೆದುಕೊಳ್ಳಿ, ಸುಮಾರು 70, 80 ಪದ ಇರುತ್ತದೆ. ಮೊದಲ ಸಲ ಬರೀ ಕೇಳಿ. ಎರಡನೇ ಸಲ ವಾಕ್ಯ ವಾಕ್ಯಕ್ಕೆ ನಿಲ್ಲಿಸಿ ಬರೆಯಿರಿ. ಮೂರನೇ ಸಲ ಖಾಲಿ ಬಿಟ್ಟದ್ದನ್ನು ವ್ಯಾಕರಣದಿಂದ ಊಹಿಸಿ ತುಂಬಿ. ನಾಲ್ಕನೇ ಸಲ ಬರಹದೊಂದಿಗೆ ಹೋಲಿಸಿ ತಪ್ಪಿದ್ದನ್ನು ಕೆಂಪು ಮಾಡಿ. ಕೊನೆಗೆ ಆಡಿಯೋದ ಜೊತೆಜೊತೆಗೇ ಬಾಯಿಬಿಟ್ಟು ಹೇಳಿ, ಅವರು ನುಂಗಿದ್ದನ್ನು ನೀವೂ ನುಂಗಿ. ಬಾಯಿ ನುಂಗುವುದನ್ನು ಕಲಿತರೆ ಕಿವಿ ಅದನ್ನು ಬೇಗ ಗುರುತಿಸುತ್ತದೆ. ದಿನಕ್ಕೆ ಎರಡು ತುಣುಕು, 40 ನಿಮಿಷ. ಎರಡು ವಾರಕ್ಕೆ ಫರಕು ಕಾಣದಿದ್ದರೆ ನೀವು ಬರಹವನ್ನು ಮೊದಲೇ ನೋಡುತ್ತಿದ್ದೀರಿ ಎಂದರ್ಥ.


ಪೇಡೆನಗರ:

ನಕಾಶೆ ಮತ್ತ ಮೂರನೇ ಭಾಗದ ಬಗ್ಗೆ ನಾ ಹೇಳ್ತೀನ್ರಿ, ಉಳಿದದ್ದು ಮ್ಯಾಲಿನವರು ಛಲೋ ಹೇಳ್ಯಾರ.

ನಕಾಶೆ ಬಂದಾಗ ಮಂದಿ ಮೊದಲ ಮಾಡೂ ತಪ್ಪು, ಹೆಸರಿನ ಪಟ್ಟಿ ಓದಿಕೋತ ಕೂಡೂದು. ಹೆಸರು ಹ್ಯಾಂಗೂ ಹೇಳ್ತಾರ. ನೀವು ನೋಡಬೇಕಾದ್ದು ಎರಡು: ನಿಂತ ಜಾಗ ಯಾವುದು, ಉತ್ತರ ದಿಕ್ಕಿನ ಬಾಣ ಅದನೋ ಇಲ್ಲೋ. ಮಾತಾಡಾಂವ ಬಹಳ ಸಲ ಬಾಗಲದಿಂದನ ಶುರು ಮಾಡ್ತಾನ. ಬಾಗಲ ನಕಾಶೆದ ಮ್ಯಾಲಿನ ಬದಿಗೆ ಇತ್ತಂದ್ರ ಅವನ ಎಡಗಡೆ ಅಂದ್ರ ಪರದೆ ಮ್ಯಾಲಿನ ಬಲಗಡೆ ಆಗ್ತದ. ಕಾಗದ ಆದ್ರ ತಿರುಗಿಸಬಹುದಿತ್ತು, ಕಂಪ್ಯೂಟರ್ ತಿರುಗಿಸಲಿಕ್ಕೆ ಆಗೂದಿಲ್ಲಲ್ಲ. ಅದಕ್ಕ ಮೌಸಿನ ಬಾಣಾನ ನೀವು ಅಂತ ತಿಳಕೊಂಡು ಅವನ ಹಿಂದ ಹಿಂದ ನಡಸ್ರಿ.

ಸಿಕ್ಕ ಅರ್ಧ ನಿಮಿಷದಾಗ ನಕಾಶೆ ಮ್ಯಾಲಿನ ಒಂದೊಂದು ಅಕ್ಷರದ (ಎ, ಬಿ, ಸಿ) ಜಾಗಾ ಮನಸಿನ್ಯಾಗ ಇಂಗ್ಲಿಷಿನಾಗ ಹೇಳಿಕೊಳ್ರಿ: ಇದು ಕೆರಿ ಬಾಜೂಕ, ಇದು ಹಾದಿ ಮುಗಿಯೂ ಕಡೆ, ಇದು ಎರಡು ಕಟ್ಟಡದ ನಡುವ. ಯಾಕಂದ್ರ ಆಡಿಯೋದಾಗ ಬರೂದೂ ಅದ. ಕೈ ಕೊಡೂ ಮಾತು ಇವು ನೋಡ್ರಿ: "ಬಿಯಾಂಡ್" ಅಂದ್ರ ಅದನ್ನ ದಾಟಿ ಆಚೆ, "ಜಸ್ಟ್ ಬಿಫೋರ್ ಯೂ ಗೆಟ್ ಟು" ಅಂದ್ರ ಮುಟ್ಟೂಕಿಂತ ಮೊದಲ, "ಆಪೊಸಿಟ್" ಅಂದ್ರ ಹಾದಿಯ ಆ ಕಡೆ ಎದುರಿಗೆ, "ಬ್ಯಾಕ್ಸ್ ಆನ್ ಟು" ಅಂದ್ರ ಅದರ ಬೆನ್ನು ಇದಕ್ಕ ಹತ್ತಿ ಅದ, "ಸೆಟ್ ಬ್ಯಾಕ್ ಫ್ರಮ್ ದ ರೋಡ್" ಅಂದ್ರ ಹಾದಿಗೆ ಹತ್ತಿಲ್ಲ, ಒಳಗದ. ಪ್ರಶ್ನೆಕಿಂತ ಅಕ್ಷರ ಜಾಸ್ತಿ ಇರ್ತಾವ, ಹಂಗಾಗಿ ಉಳಿದದ್ದು ಇದ ಇರಬೇಕು ಅಂತ ಲೆಕ್ಕ ಹಾಕಬ್ಯಾಡ್ರಿ. ಅಭ್ಯಾಸಕ್ಕ ನಿಮ್ಮ ಆಸ್ಪತ್ರಿದ್ದ ನಕಾಶೆ ಬರೀರಿ, ಮೇನ್ ಗೇಟಿನಿಂದ ಐಸಿಯುಗೆ ಹೊಸಬರಿಗೆ ಇಂಗ್ಲಿಷಿನಾಗ ಹಾದಿ ಹೇಳ್ರಿ. ಹೇಳಲಿಕ್ಕೆ ಬಂದ ಮಾತು ಕೇಳಲಿಕ್ಕೂ ಬರ್ತದ.

ಇನ್ನ ಭಾಗ 3. ಇದು ಕಾಲೇಜಿನ ಹುಡುಗ್ರು ಪ್ರಾಜೆಕ್ಟ್ ಬಗ್ಗೆ ಮಾತಾಡೂದು, ಇಲ್ಲಾ ಮೇಷ್ಟ್ರ ಜೋಡಿ ಮಾತಾಡೂದು. ಇಲ್ಲೆ ಮಾಹಿತಿ ಕೇಳೂದಿಲ್ಲ, ಅಭಿಪ್ರಾಯ ಕೇಳ್ತಾರ: ಇಬ್ಬರೂ ಯಾವುದನ್ನ ಒಪ್ಪಿದರು, ಆಕಿಗೆ ಯಾವುದು ಆಶ್ಚರ್ಯ ಅನಿಸ್ತು. ಪ್ರಶ್ನೆದಾಗ ಯಾರ ಹೆಸರದ ಅನ್ನೂದರ ಕೆಳಗ ಮೊದಲ ಗೆರಿ ಹಾಕ್ರಿ. ಇಬ್ಬರೂ ಒಪ್ಪಿದ್ದು ಯಾವುದು ಅಂತ ಕೇಳಿದ್ರ, ಒಬ್ಬ ಹೇಳಿದ ಮ್ಯಾಲೆ ಇನ್ನೊಬ್ಬನ ಉತ್ತರ ಬರೂತನಕ ಏನೂ ಒತ್ತಬ್ಯಾಡ್ರಿ.

ಆ ಇನ್ನೊಬ್ಬನ ಉತ್ತರದಾಗ ಆಟ ಅದ. ಇಂಗ್ಲಿಷಿನವರು ಮಾರಿ ಮ್ಯಾಲೆ ಇಲ್ಲ ಅನ್ನೂದಿಲ್ರಿ. "ಐಮ್ ನಾಟ್ ಸೋ ಶೂರ್" ಅಂದ್ರ ನನಗ ಒಪ್ಪಿಗಿ ಇಲ್ಲ ಅಂತ ತಿಳೀರಿ. "ಯಾ, ಬಟ್" ಅಂದ್ರ "ಯಾ" ಸುಳ್ಳು, "ಬಟ್" ಖರೇ. "ಐ ಸಪೋಸ್ ಸೋ" ಅಂದ್ರ ಒಲ್ಲದ ಮನಸಿನಿಂದ ಒಪ್ಪಿಗಿ, ಆದ್ರೂ ಒಪ್ಪಿಗಿನ. "ಫೇರ್ ಪಾಯಿಂಟ್" ಅಂದ್ರ ಒಪ್ಪಿದ. "ಐ ಕುಡಂಟ್ ಅಗ್ರೀ ಮೋರ್" ಕೇಳಿ "ಕುಡಂಟ್" ಬಂತಲ್ಲ, ಇಲ್ಲ ಅಂದ ಅಂತ ಬರೀತಾರ ನಮ್ಮ ಮಂದಿ. ಅದು ನೂರಕ್ಕ ನೂರು ಒಪ್ಪಿಗಿ.

ಜೋಡಿಸೂ ಪ್ರಶ್ನೆದಾಗ ಪೆಟ್ಟಿಗಿಯೊಳಗಿನ ಆಯ್ಕೆ ಆಡಿಯೋದ ಕ್ರಮದಾಗ ಬರೂದಿಲ್ಲ, ಆದ್ರ ಪ್ರಶ್ನೆ ಮಾತ್ರ ಕ್ರಮದಾಗ ಬರ್ತಾವ. ಕಣ್ಣು ಪ್ರಶ್ನೆ ಮ್ಯಾಲೆ, ಆಯ್ಕೆದ ಸಾರ ತಲಿಯೊಳಗ. ಒಂದೊಂದು ಆಯ್ಕೆನ ಒಂದ ಪದಕ್ಕ ಇಳಿಸಿ ಇಟ್ಕೋರಿ: ರೊಕ್ಕ, ವ್ಯಾಳೆ, ಸುರಕ್ಷತೆ, ಬ್ಯಾಸರ. ಕನ್ನಡದಾಗ ಇಟ್ಕೊಂಡ್ರ ಇನ್ನೂ ಛಲೋ, ಆಡಿಯೋದ ಇಂಗ್ಲಿಷ್ ಪದದ ಜೋಡಿ ಗೊಂದಲ ಆಗೂದಿಲ್ಲ.


ಸಂಜೆಮಲ್ಲಿಗೆ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕೊನೆಗೆ 10 ನಿಮಿಷ ಕೊಡುತ್ತಾರಲ್ಲ, ಕೇಳುವಾಗ ನೋಟ್ಸ್ ಮಾಡಿಕೊಂಡು ಆಮೇಲೆ ನಿಧಾನವಾಗಿ ತುಂಬಿ. ಮೊದಮೊದಲು 0.75 ವೇಗದಲ್ಲಿ ಕೇಳಿ. ಸಬ್‌ಟೈಟಲ್ ಹಾಕಿಕೊಂಡು ಇಂಗ್ಲಿಷ್ ಸೀರೀಸ್ ನೋಡಿ, ತಾನಾಗಿ ಬರುತ್ತದೆ.


ಹಳೇಬೇರು:

ಸಂಜೆಮಲ್ಲಿಗೆಯವರೇ, ಬೇಸರ ಮಾಡಿಕೊಳ್ಳಬೇಡಿ. ಆ 10 ನಿಮಿಷ ಕಾಗದದ ಪರೀಕ್ಷೆಯದು, ಉತ್ತರ ಪತ್ರಿಕೆಗೆ ನಕಲು ಮಾಡಲು ಕೊಡುವುದು. ಇವರದು ಕಂಪ್ಯೂಟರ್. ಅಲ್ಲಿ ಕೇಳುತ್ತಲೇ ಟೈಪ್ ಮಾಡಬೇಕು, ಕೊನೆಗೆ ಕಣ್ಣಾಡಿಸಲು ಸಿಗುವುದು 2 ನಿಮಿಷ. ನಲವತ್ತು ಉತ್ತರ ಚೀಟಿಯಲ್ಲಿಟ್ಟುಕೊಂಡು ಕೂತರೆ ಅರ್ಧ ಖಾಲಿಯೇ ಹೋಗುತ್ತದೆ. ಕಾಗದದ ಪುಸ್ತಕದಲ್ಲಿ ಅಭ್ಯಾಸ ಮಾಡುವವರಿಗೂ ಇದೇ ಎಚ್ಚರಿಕೆ. ಉತ್ತರವನ್ನು ಖಾಲಿ ಕಡತವೊಂದರಲ್ಲಿ ಟೈಪ್ ಮಾಡಿ, ತಿದ್ದುವ ಸೌಲಭ್ಯ ಆಫ್ ಮಾಡಿಟ್ಟುಕೊಳ್ಳಿ. ಪರೀಕ್ಷೆಯ ಪರದೆ ಕಾಗುಣಿತ ತಿದ್ದಿಕೊಡುವುದಿಲ್ಲ.

ನಿಧಾನಗೊಳಿಸಿ ಕೇಳಿದರೆ ಆಗುವ ತೊಂದರೆ ಎಂದರೆ ನುಂಗಿದ ಅಕ್ಷರಗಳೆಲ್ಲ ಎಳೆದುಕೊಂಡು ಬೇರೆಯೇ ಸದ್ದಾಗುತ್ತವೆ. ಆ ಸದ್ದು ಪರೀಕ್ಷೆಯಲ್ಲಿ ಬರುವುದಿಲ್ಲ. ಕಷ್ಟವಾದರೆ ತುಣುಕು ಚಿಕ್ಕದು ಮಾಡಿ, ವೇಗ ಮುಟ್ಟಬೇಡಿ. ಸಬ್‌ಟೈಟಲ್ ಇದ್ದರೆ ಕಣ್ಣು ಓದುತ್ತದೆ, ಕಿವಿ ರಜೆ ಹಾಕುತ್ತದೆ. ಮನರಂಜನೆಗೆ ನೋಡಿ, ಅಭ್ಯಾಸದ ಲೆಕ್ಕಕ್ಕೆ ಹಿಡಿಯಬೇಡಿ.


ಬಿಳಿಕೋಟು:

ಎಲ್ಲರಿಗೂ ಧನ್ಯವಾದ. ಹೇಳಿದಂತೆ ಎರಡು ಹಳೆಯ ಪರೀಕ್ಷೆಗಳ ತಪ್ಪು ವಿಂಗಡಿಸಿದೆ. ಒಟ್ಟು 25 ತಪ್ಪು: ಬಲೆ 9, ಜಾಗ ತಪ್ಪಿದ್ದು 6, ಕಾಗುಣಿತ ಮತ್ತು ಬಹುವಚನ 5, ಕೇಳಿಸದ್ದು 4, ಮಿತಿ 1. ಕೇಳಿಸುವುದೇ ಇಲ್ಲ ಎಂದುಕೊಂಡಿದ್ದೆ, ಅದು ನಾಲ್ಕೇ.

ಜಾಗ ತಪ್ಪಿದ್ದರಲ್ಲಿ ಹೆಚ್ಚಿನವು ಭಾಗ 4ರಲ್ಲಿ. ಒಂದು ಉತ್ತರ ಹೋದರೆ ಅದನ್ನೇ ಯೋಚಿಸುತ್ತ ಮುಂದಿನ ಎರಡನ್ನೂ ಕಳೆದುಕೊಳ್ಳುತ್ತಿದ್ದೇನೆ. ಮತ್ತೆ, "ಎರಡು ಪದ ಮೀರಬಾರದು, ಒಂದು ಸಂಖ್ಯೆ ಇರಬಹುದು" ಎಂದಾಗ ಅಡ್ಡಗೆರೆ ಇರುವ ಪದ ಎಷ್ಟೆಂದು ಲೆಕ್ಕ? ದೊಡ್ಡಕ್ಷರ ಬೇಕೇ?


ಹಳೇಬೇರು:

ಒಳ್ಳೆಯದು, ಈಗ ಗುರಿ ಕಾಣುತ್ತಿದೆ. ಬಲೆ ಮತ್ತು ಜಾಗ ಸೇರಿ ಪರೀಕ್ಷೆಗೆ ಏಳು ಚಿಲ್ಲರೆ. ಅರ್ಧ ಉಳಿಸಿದರೂ 30 ದಾಟುತ್ತೀರಿ.

ಭಾಗ 4ರಲ್ಲಿ ನಡುವೆ ವಿರಾಮ ಇಲ್ಲ, ಹತ್ತು ಪ್ರಶ್ನೆ ಒಂದೇ ಉಸಿರಿಗೆ. ಅದಕ್ಕೆ ಯಾವಾಗಲೂ ಎರಡು ಪ್ರಶ್ನೆಗಳ ಮೇಲೆ ಕಣ್ಣಿಡಿ. 34ರ ಉತ್ತರಕ್ಕೆ ಕಾಯುತ್ತಿರುವಾಗಲೇ 35ರ ಗುರುತಿನ ಪದ ಯಾವುದೆಂದು ಗೊತ್ತಿರಬೇಕು. ಗುರುತಿನ ಪದ ಎಂದರೆ ಬೇರೆ ಮಾತಿನಲ್ಲಿ ಹೇಳಲಾಗದ್ದು: ಇಸವಿ, ಊರು, ದೇಶ, ವ್ಯಕ್ತಿಯ ಹೆಸರು, ವಸ್ತುವಿನ ಹೆಸರು. 35ರ ಗುರುತು ಕೇಳಿಸಿತೆಂದರೆ 34 ಹೋಯಿತು, ತರ್ಪಣ ಬಿಟ್ಟು ಮುಂದೆ ನಡೆಯಿರಿ. ಕೊನೆಯ 2 ನಿಮಿಷದಲ್ಲಿ ಊಹಿಸಿ ತುಂಬಿ, ತಪ್ಪಾದರೆ ಅಂಕ ಕಳೆಯುವುದಿಲ್ಲ, ಖಾಲಿ ಮಾತ್ರ ಬಿಡಬೇಡಿ. ನೋಟ್ಸ್ ರೂಪದ ಪ್ರಶ್ನೆಯಲ್ಲಿ ದಪ್ಪಕ್ಷರದ ಉಪಶೀರ್ಷಿಕೆಗಳಿರುತ್ತವೆ. ಉಪನ್ಯಾಸಕರು "ಟರ್ನಿಂಗ್ ನೌ ಟು", "ಸೋ ವಾಟ್ ಅಬೌಟ್", "ಅನದರ್ ಪ್ರಾಬ್ಲಂ" ಎಂದಾಗ ಮುಂದಿನ ಉಪಶೀರ್ಷಿಕೆಗೆ ಅಥವಾ ಮುಂದಿನ ಸಾಲಿಗೆ ಹೋದರು ಎಂದು ತಿಳಿಯಿರಿ. ಪೂರ್ತಿ ದಾರಿ ತಪ್ಪಿದವರು ಮತ್ತೆ ಬಸ್ ಹತ್ತುವ ಸ್ಟಾಪ್ ಅದೇ.

ಅಭ್ಯಾಸಕ್ಕೊಂದು ಉಪಾಯ. ಒಂದು ಭಾಗ 4 ಹಾಕಿ, ಬೇಕೆಂದೇ ಮೂರನೆಯ ಉತ್ತರದ ಹೊತ್ತಿಗೆ ಕಣ್ಣು ಮುಚ್ಚಿ 15 ಸೆಕೆಂಡು ಬಿಡಿ. ಕಣ್ಣು ತೆರೆದು ಎಲ್ಲಿದ್ದಾರೆ ಎಂದು ಹುಡುಕಿ ಹಿಡಿಯಿರಿ. ಜಾಗ ತಪ್ಪುವುದನ್ನು ಪೂರ್ತಿ ತಡೆಯಲಾಗದು, ಮತ್ತೆ ಹಿಡಿಯುವುದನ್ನು ಕಲಿಯಬಹುದು.

ಪದದ ಲೆಕ್ಕ: ಅಡ್ಡಗೆರೆ ಹಾಕಿ ಕೂಡಿಸಿದ ಪದ ಒಂದೇ ಪದ. ಸಂಖ್ಯೆಯನ್ನು ಅಂಕಿಯಲ್ಲೇ ಬರೆಯಿರಿ. ದೊಡ್ಡಕ್ಷರ ಸಣ್ಣಕ್ಷರ ಯಾವುದಾದರೂ ನಡೆಯುತ್ತದೆ, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆದರೂ ತೊಂದರೆಯಿಲ್ಲ. ಬ್ರಿಟಿಷ್, ಅಮೆರಿಕನ್ ಕಾಗುಣಿತ ಎರಡೂ ಒಪ್ಪುತ್ತಾರೆ. ಖಾಲಿ ಜಾಗದ ಹಿಂದೆ "ದ" ಅಚ್ಚಾಗಿದ್ದರೆ ನೀವೂ "ದ" ಬರೆಯಬೇಡಿ, ಒಂದೇ ಪದ ಎಂದಿದ್ದಲ್ಲಿ ಅದೇ ಮುಳುವಾಗುತ್ತದೆ. ಯಾವುದು ಸರಿಯೋ ತಿಳಿಯದೆ ಎರಡು ಉತ್ತರ ಬರೆದು ನಡುವೆ ಗೆರೆ ಎಳೆದರೆ ಅಂಕ ಸಿಗುವುದಿಲ್ಲ.

ಕಾಗುಣಿತದಲ್ಲಿ ಮೇಲಿಂದ ಮೇಲೆ ಬಿದ್ದುಹೋಗುವ ಅಕ್ಷರಗಳು: "ಅಕಾಮಡೇಶನ್"ನಲ್ಲಿ ಸಿ ಎರಡು, ಎಂ ಎರಡು. "ವೆನ್ಸ್‌ಡೇ"ಯಲ್ಲಿ ಕೇಳಿಸದ ಡಿ, "ರೆಸೀಟ್"ನಲ್ಲಿ ಕೇಳಿಸದ ಪಿ. "ಎನ್ವಿರಾನ್‌ಮೆಂಟ್" ಮತ್ತು "ಗವರ್ನ್‌ಮೆಂಟ್" ಎರಡರಲ್ಲೂ ಎಂ ಅಕ್ಷರದ ಹಿಂದೆ ಎನ್. "ಕ್ವೆಶ್ಚನೇರ್"ನಲ್ಲಿ ಎನ್ ಎರಡು. "ಸೆಪರೇಟ್"ನಲ್ಲಿ ಪಿ ಆದ ಮೇಲೆ ಎ, ಇ ಅಲ್ಲ. "ಮೇಂಟೆನೆನ್ಸ್" ಬರೆಯುವಾಗ "ಮೇಂಟೇನ್"ನ ಕಾಗುಣಿತವನ್ನೇ ಮುಂದುವರಿಸಬೇಡಿ, ನಡುವಿನ "ಎ, ಐ" ಹೋಗಿ ಬರೀ "ಇ" ಬರುತ್ತದೆ.


ಕಿವಿಗೊಡು:

ಓಇಟಿ ಬಗ್ಗೆ ಯಾರೂ ಹೇಳಲಿಲ್ಲ. ಎನ್‌ಎಂಸಿ ಅದನ್ನೂ ಒಪ್ಪುತ್ತದೆ: ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್‌ನಲ್ಲಿ ಬಿ ಶ್ರೇಣಿ ಅಂದರೆ 350, ರೈಟಿಂಗ್‌ನಲ್ಲಿ ಸಿ ಪ್ಲಸ್ ಅಂದರೆ 300. ಲಿಸನಿಂಗ್‌ನಲ್ಲಿ 42 ಪ್ರಶ್ನೆ, ಸುಮಾರು 45 ನಿಮಿಷ. ಮೊದಲ ಭಾಗದಲ್ಲಿ ರೋಗಿ ಮತ್ತು ವೈದ್ಯಕೀಯ ಸಿಬ್ಬಂದಿಯ ಎರಡು ಸಂಭಾಷಣೆ ಕೇಳಿ 24 ಖಾಲಿ ಜಾಗ ತುಂಬಬೇಕು. ಎರಡನೆಯದರಲ್ಲಿ ಆಸ್ಪತ್ರೆಯ ಆರು ಚಿಕ್ಕ ತುಣುಕು, ಮೂರನೆಯದರಲ್ಲಿ ಎರಡು ದೀರ್ಘ ಸಂದರ್ಶನ ಅಥವಾ ಉಪನ್ಯಾಸ, 12 ಪ್ರಶ್ನೆ. ನಕ್ಷೆಯ ಕಾಟ ಇಲ್ಲ, ವಿಷಯ ನಿಮ್ಮದೇ. ಆದರೆ ಶುಲ್ಕ ಐಇಎಲ್‌ಟಿಎಸ್‌ಗಿಂತ ಸಾಕಷ್ಟು ಹೆಚ್ಚು, ಮತ್ತು ಮೂರನೆಯ ಭಾಗದಲ್ಲಿ ಮಾತಾಡುವವರ ನಿಲುವು ಹಿಡಿಯಬೇಕು. ನಿಮಗೆ ಬಲೆಯೇ ದೊಡ್ಡ ತೊಂದರೆ ಎಂದು ಲೆಕ್ಕ ಹೇಳುತ್ತಿದೆ. ಅದು ಅಲ್ಲಿಗೂ ಹಿಂಬಾಲಿಸಿ ಬರುತ್ತದೆ. ಆರು ವಾರ ಇರುವಾಗ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಎನ್‌ಎಂಸಿ 12 ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕ ಕೂಡಿಸಿ ನೋಡುತ್ತದೆ. ಎರಡರಲ್ಲೂ ನಾಲ್ಕೂ ವಿಭಾಗ ಬರೆದಿರಬೇಕು, ಯಾವುದರಲ್ಲೂ ಬೇಕಾದ್ದಕ್ಕಿಂತ ಅರ್ಧ ಬ್ಯಾಂಡ್‌ಗೂ ಕೆಳಗೆ ಇಳಿದಿರಬಾರದು. ಹಾಗಾಗಿ ಈ ಸಲ ಲಿಸನಿಂಗ್ 6.5 ಬಂದು ಉಳಿದದ್ದು ಸರಿಯಿದ್ದರೂ ಆ ಫಲಿತಾಂಶ ವ್ಯರ್ಥವಲ್ಲ. ಒಂದೇ ವಿಭಾಗ ಮತ್ತೆ ಬರೆಯುವ ಒನ್ ಸ್ಕಿಲ್ ರೀಟೇಕ್ ಕೂಡ ಇದೆ, ಮೊದಲ ಪರೀಕ್ಷೆಯಾಗಿ 60 ದಿನದೊಳಗೆ. ಆದರೆ ಅದನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ, ದುಡ್ಡು ಕಟ್ಟುವ ಮೊದಲು ಎನ್‌ಎಂಸಿ ಜಾಲತಾಣ ತೆರೆದು ಓದಿ.


ಪೇಡೆನಗರ:

ಒಂದು ಬಿಟ್ಟಿತ್ರಿ. ಒಂದು ಭಾಗ ಮುಗಿದ ಮ್ಯಾಲೆ ಉತ್ತರ ನೋಡಿಕೊಳ್ಳಲಿಕ್ಕೆ ಅರ್ಧ ನಿಮಿಷ ಕೊಡ್ತಾರ. ಅದನ್ನ ಮುಂದಿನ ಭಾಗದ ಪ್ರಶ್ನೆ ಓದಲಿಕ್ಕೆ ಬಳಸ್ರಿ, ನೋಡಿಕೊಳ್ಳೂದು ಕೊನೀಗೆ ಆಗ್ತದ. ಭಾಗ 3ರ ಉದ್ದುದ್ದ ಆಯ್ಕೆ ಓದಲಿಕ್ಕೆ ಈ ಅರ್ಧ ನಿಮಿಷ ಬಂಗಾರ. ಮತ್ತ ಶುರುವಿಗೆ ಹೆಡ್‌ಫೋನ್ ಪರೀಕ್ಷೆ ಮಾಡಲಿಕ್ಕೆ ಒಂದು ತುಣುಕು ಹಚ್ತಾರ. ಸದ್ದು ಕಮ್ಮಿ ಇತ್ತಂದ್ರ, ಒಂದ ಕಿವ್ಯಾಗ ಬರ್ತಿತ್ತಂದ್ರ ಅವಾಗನ ಕೈ ಎತ್ತ್ರಿ. ಪರೀಕ್ಷೆ ಶುರು ಆದ ಮ್ಯಾಲೆ ಆಡಿಯೋ ಯಾರ ಸಲುವಾಗಿನೂ ನಿಲ್ಲೂದಿಲ್ಲ.